ಚಾರಮಿನಾರ್ ರೂಪಾಯಿ ಓದೋರು ಯಾರು?

ಟ್ರ್ಯಾಕ್ಟರ್ ಚಿತ್ರದ ಐದು ರೂಪಾಯಿ ನೋಟಿಗೆ ಇಷ್ಟು ಲಕ್ಷ, ವೈಷ್ಣೋದೇವಿ ನಾಣ್ಯಕ್ಕೆ ಅಷ್ಟು ಲಕ್ಷ, ನೋಟಿನ ನಂಬರಿನಲ್ಲಿ 786 ಇದ್ದರಂತೂ ಕೇಳುವುದೇ ಬೇಡ. ಆಳಂದ, ಅಫಜಲಪುರ, ಜೇವರ್ಗಿ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಆಗಾಗ ಈ ಸುದ್ದಿ ಬಂದು ಬೀಳುತ್ತಲೇ ಇರುತ್ತದೆ. ನನಗೆ ಸಿಟ್ಟು ಬರುವುದು ಕಳಿಸಿದವರ ಮೇಲಲ್ಲ. ಕೆಳಗಿರುವ ಲಿಂಕ್ ಒತ್ತಿದರೆ ಎಷ್ಟೋ ಸಲ ತೆರೆದುಕೊಳ್ಳುವುದು ಕನ್ನಡದ್ದೇ ಒಂದು ಸುದ್ದಿತಾಣ. ‘ನಿಮ್ಮ ಬಳಿ ಈ ನಾಣ್ಯ ಇದ್ದರೆ ನೀವೇ ಲಕ್ಷಾಧಿಪತಿ’ ಎಂಬ ತಲೆಬರಹ, ಒಂದು ಫೋಟೊ, ನಾಲ್ಕು ಸಾಲು. ಯಾರು ಕೊಳ್ಳುತ್ತಾರೆ, ಯಾರು ಕೊಂಡಿದ್ದಾರೆ, ಎಲ್ಲಿ, ಯಾವಾಗ ಎಂಬ ಒಂದು ಪ್ರಶ್ನೆಗೂ ಉತ್ತರವಿಲ್ಲ. ಪತ್ರಿಕೋದ್ಯಮ ತರಗತಿಯ ಮೊದಲ ವಾರದಲ್ಲೇ ಕಲಿಸುವ ಪ್ರಶ್ನೆಗಳಿವು.

ವೈಷ್ಣೋದೇವಿ ನಾಣ್ಯ ಬಂದದ್ದು 2012ರಲ್ಲಿ, ಆ ದೇಗುಲ ಮಂಡಳಿಯ ಬೆಳ್ಳಿಹಬ್ಬದ ನೆನಪಿಗೆ. ಚಲಾವಣೆಗೇ ಟಂಕಿಸಿದ ನಾಣ್ಯ ಅದು, ಕಿರಾಣಿ ಅಂಗಡಿಯ ಗಲ್ಲಾದಲ್ಲೂ ಸಿಕ್ಕೀತು. ಟ್ರ್ಯಾಕ್ಟರ್ ನೋಟು ನಮ್ಮ ತಂದೆ-ತಾಯಂದಿರು ಕೂಲಿ ತಂದ ನೋಟು. ರಿಸರ್ವ್ ಬ್ಯಾಂಕ್ 2021ರ ಆಗಸ್ಟ್ 4ರಂದು ಒಂದು ಪ್ರಕಟಣೆ ಕೊಟ್ಟು ಸ್ಪಷ್ಟವಾಗಿಯೇ ಹೇಳಿತು: ಹಳೆ ನೋಟು, ನಾಣ್ಯದ ವ್ಯವಹಾರ ನಾವು ಮಾಡುವುದಿಲ್ಲ, ಅದಕ್ಕಾಗಿ ಶುಲ್ಕ, ಕಮಿಷನ್ ಕೇಳುವುದಿಲ್ಲ, ಕೇಳಲು ಯಾರಿಗೂ ಅಧಿಕಾರ ಕೊಟ್ಟಿಲ್ಲ. ಆಮೇಲೂ ವಂಚನೆ ನಿಂತಿಲ್ಲ. ಅದು ನಡೆಯುವ ಬಗೆ ಬಹಳ ಸರಳ. ನೀವು ನಾಣ್ಯದ ಫೋಟೊ ಕಳಿಸುತ್ತೀರಿ. ಆ ಕಡೆಯವರು ನೀವು ಕೇಳಿದ್ದಕ್ಕಿಂತ ಹೆಚ್ಚೇ ಹೇಳುತ್ತಾರೆ. ಆಮೇಲೆ ನೋಂದಣಿಗೆ ಇಷ್ಟು, ಜಿಎಸ್‌ಟಿಗೆ ಇಷ್ಟು, ಹಣ ಬಿಡುಗಡೆಗೆ ಇಷ್ಟು ಎಂದು ನಿಮ್ಮಿಂದಲೇ ಹಾಕಿಸಿಕೊಳ್ಳುತ್ತಾರೆ. ಕೊಳ್ಳುವವನು ಮಾರುವವನ ಹತ್ತಿರ ರೊಕ್ಕ ಕೇಳುವುದು ಯಾವ ಸಂತೆಯಲ್ಲೂ ಇಲ್ಲ. ಅಷ್ಟನ್ನು ನೆನಪಿಟ್ಟರೆ ಸಾಕು. ಹಾಕಿಬಿಟ್ಟಿದ್ದರೆ ತಡ ಮಾಡದೆ 1930ಕ್ಕೆ ಕರೆ ಮಾಡಿ.

ಇದಕ್ಕಿಂತ ಹಳೆಯ, ಇನ್ನೂ ಕ್ರೂರವಾದ ಮೋಸ ‘ರೈಸ್ ಪುಲ್ಲಿಂಗ್’. ಸಿಡಿಲು ಬಡಿದ ತಾಮ್ರದ ನಾಣ್ಯ ಅಕ್ಕಿ ಕಾಳನ್ನು ಎಳೆಯುತ್ತದೆ, ವಿಜ್ಞಾನಿಗಳು ಕೋಟಿಗಟ್ಟಲೆ ಕೊಡುತ್ತಾರೆ ಎಂಬ ಕಥೆ. ಕಾಳಿಗೆ ಕಬ್ಬಿಣದ ಪುಡಿ ಸವರಿ, ನಾಣ್ಯದ ಕೆಳಗೆ ಅಯಸ್ಕಾಂತ ಇಟ್ಟರೆ ಯಾವ ಅಕ್ಕಿಯೂ ಓಡಿ ಬರುತ್ತದೆ. ಇದರ ಜೊತೆಗೇ ಬರುವುದು 1818ನೇ ಇಸವಿ ಬರೆದ, ಹನುಮಂತನದ್ದೋ ರಾಮನ ಆಸ್ಥಾನದ್ದೋ ಚಿತ್ರವಿರುವ ‘ಈಸ್ಟ್ ಇಂಡಿಯಾ ಕಂಪನಿ’ ನಾಣ್ಯ. ಕಂಪನಿ ಸರ್ಕಾರ ಅಂಥ ನಾಣ್ಯ ಹೊಡೆದದ್ದೇ ಇಲ್ಲ. ಅದು ಕಂಪನಿ ಹೆಸರು ಹಾಕಿ ಮಾರಾಟಕ್ಕೆಂದು ಮಾಡಿದ ಬಿಲ್ಲೆ. ದೇವರ ಜಗಲಿ ಮೇಲೆ ಇಟ್ಟು ಪೂಜೆ ಮಾಡುವವರಿಗೆ ನನ್ನ ತಕರಾರಿಲ್ಲ, ಅದನ್ನು ನಂಬಿ ಹೊಲ ಒತ್ತೆ ಇಡಬೇಡಿ ಎಂದಷ್ಟೇ ಹೇಳುವುದು.

ಇಷ್ಟೇ ಆಗಿದ್ದರೆ ‘ಮೋಸ ಹೋಗಬೇಡಿ’ ಎಂದು ಬರೆದು ಮುಗಿಸಬಹುದಿತ್ತು. ಆದರೆ ನಮ್ಮ ಮೂರು ತಾಲ್ಲೂಕುಗಳ ಮಟ್ಟಿಗೆ ಸಂಗತಿ ಬೇರೆಯೇ ಇದೆ. ಸುಳ್ಳು ನಾಣ್ಯದ ಹಿಂದೆ ಓಡುವ ಊರುಗಳಲ್ಲೇ ನಿಜವಾದ ಹಳೆ ನಾಣ್ಯಗಳು ಟ್ರಂಕಿನ ತಳದಲ್ಲಿ, ಜಗಲಿಯ ಡಬ್ಬಿಯಲ್ಲಿ, ಅಜ್ಜಿಯ ಕೊರಳ ಸರದಲ್ಲಿ ಇವೆ. ಅವನ್ನು ಯಾರೂ ಓದುವುದಿಲ್ಲ. ಕಷ್ಟ ಬಂದಾಗ ತೂಕಕ್ಕೆ ಹೋಗಿ ಮೂಸೆಯಲ್ಲಿ ಕರಗುತ್ತವೆ.

ಮೊದಲು ನಿಜಾಮನ ರೂಪಾಯಿಯನ್ನೇ ತೆಗೆದುಕೊಳ್ಳಿ. 1948ರ ಸೆಪ್ಟೆಂಬರ್‌ವರೆಗೆ ಈ ಸೀಮೆ ಹೈದರಾಬಾದ್ ಸಂಸ್ಥಾನ. ಸಂಸ್ಥಾನಕ್ಕೆ ತನ್ನದೇ ನಾಣ್ಯ ಇತ್ತು, ಹಾಲಿ ಸಿಕ್ಕಾ. ಬ್ರಿಟಿಷರ ರೂಪಾಯಿಗೆ ನಮ್ಮ ಹಿರಿಯರು ‘ಕಲ್ದಾರ’ ಎನ್ನುತ್ತಿದ್ದರು. ಸುಮಾರು ಏಳು ಹಾಲಿ ಕೊಟ್ಟರೆ ಆರು ಕಲ್ದಾರ. ಆಳಂದದ ಆಚೆ ಅಕ್ಕಲಕೋಟ, ಸೊಲ್ಲಾಪುರ, ಅಫಜಲಪುರದ ಆಚೆ ಇಂಡಿ. ಅಂದರೆ ನಿಜಾಮನ ಗಡಿ ಮುಗಿದು ಬೇರೆ ನಾಣ್ಯ ಶುರುವಾಗುವ ಜಾಗ. ಎತ್ತು ಮಾರಲು ಸೊಲ್ಲಾಪುರದ ಜಾತ್ರೆಗೆ ಹೋದವನಿಗೆ ಎರಡೂ ರೊಕ್ಕದ ಲೆಕ್ಕ ಗೊತ್ತಿರಲೇಬೇಕು. ಒಂದೇ ಮನೆಯ ಡಬ್ಬಿಯಲ್ಲಿ ಚಾರಮಿನಾರ್ ರೂಪಾಯಿ ಮತ್ತು ಐದನೇ ಜಾರ್ಜ್ ದೊರೆಯ ರೂಪಾಯಿ ಜೊತೆಗೇ ಸಿಕ್ಕರೆ ಆಶ್ಚರ್ಯಪಡಬೇಕಿಲ್ಲ. ಅದು ಆ ಮನೆಯವರು ಎಲ್ಲೆಲ್ಲಿ ವ್ಯಾಪಾರ ಮಾಡಿದರು ಎಂಬುದರ ಗುರುತು.

ಚಾರಮಿನಾರ್ ನಾಣ್ಯವನ್ನು ಗುರುತಿಸುವುದು ಕಷ್ಟವಲ್ಲ. ನಾಲ್ಕು ಮಿನಾರಿನ ನಡುವಿನ ಬಾಗಿಲಲ್ಲಿ ಒಂದು ಉರ್ದು ಅಕ್ಷರ ಇರುತ್ತದೆ. ‘ಮೀಮ್’ ಇದ್ದರೆ ಮಹಬೂಬ್ ಅಲಿ ಖಾನನದು (1869–1911), ‘ಐನ್’ ಇದ್ದರೆ ಉಸ್ಮಾನ್ ಅಲಿ ಖಾನನದು (1911ರ ನಂತರ). ಇಸವಿ ಹಿಜರಿಯಲ್ಲಿ ಇರುತ್ತದೆ. ಅಂಕಿ ಓದಲು ಸ್ವಲ್ಪ ರೂಢಿ ಬೇಕು: ಸೊನ್ನೆ ಬರೀ ಒಂದು ಚುಕ್ಕೆ, ನಮ್ಮ ಕಣ್ಣಿಗೆ ಸೊನ್ನೆಯಂತೆ ಕಾಣುವುದು ಐದು, ಮೇಲಕ್ಕೆ ಬಾಯಿ ತೆರೆದ ಕವಣೆಗವಲಿನ ಆಕಾರ ಏಳು, ಅದನ್ನೇ ಬೋರಲು ಹಾಕಿದರೆ ಎಂಟು. ಹಿಜರಿ ವರ್ಷದಲ್ಲಿ ನೂರಕ್ಕೆ ಮೂರರಂತೆ ಕಳೆದು 622 ಕೂಡಿಸಿದರೆ ನಮ್ಮ ಇಸವಿ ಹೆಚ್ಚು ಕಡಿಮೆ ಸಿಗುತ್ತದೆ. 1337 ಎಂದಿದ್ದರೆ 40 ಕಳೆದು 622 ಸೇರಿಸಿ: 1919ರ ಆಸುಪಾಸು. ನಾಣ್ಯದ ಮೇಲೆ 92 ಎಂಬ ಅಂಕಿ ಕಂಡರೆ ಅದು ಇಸವಿ ಅಲ್ಲ. ಅಕ್ಷರಕ್ಕೆ ಅಂಕಿ ಕಟ್ಟುವ ಅರಬ್ಬಿ ಪದ್ಧತಿಯಲ್ಲಿ ಪ್ರವಾದಿ ಮುಹಮ್ಮದರ ಹೆಸರಿಗೆ ಬರುವ ಮೊತ್ತ.

ಇನ್ನು ಬೆಲೆ. ಇಲ್ಲಿ ಆಸೆ ಇಟ್ಟುಕೊಳ್ಳಬೇಡಿ. ಉಸ್ಮಾನ್ ಅಲಿಯ ಆ ರೂಪಾಯಿಯ ತೂಕ ಸುಮಾರು 11.2 ಗ್ರಾಂ, ಅದರಲ್ಲಿ ಬೆಳ್ಳಿ 9 ಗ್ರಾಂ ಚಿಲ್ಲರೆ. ಕಲ್ದಾರದ್ದು 11.66 ಗ್ರಾಂ, ಅಂದರೆ ಸರಿಯಾಗಿ ಒಂದು ತೊಲ. ಬಂಗಾರ ಕೊಳ್ಳುವಾಗ ನಾವು ಇಂದಿಗೂ ಎನ್ನುವ ‘ತೊಲ’ ಆ ರೂಪಾಯಿಯ ತೂಕವೇ. ಸಾಮಾನ್ಯ ವರ್ಷದ ನಾಣ್ಯಕ್ಕೆ ಸಂಗ್ರಾಹಕರು ಕೊಡುವುದು ಬೆಳ್ಳಿಯ ಬೆಲೆಗಿಂತ ಒಂದಿಷ್ಟು ಹೆಚ್ಚು, ಅಷ್ಟೇ. ಹಳೆಯದೆಲ್ಲ ಅಪರೂಪವಲ್ಲ. ಆರನೇ ಜಾರ್ಜನ 1939ರ ರೂಪಾಯಿ ನಿಜಕ್ಕೂ ಅಪರೂಪ, ಏಕೆಂದರೆ ಹೊರಬಂದದ್ದೇ ಕಡಿಮೆ. ಅದರ ಮರುವರ್ಷದಿಂದ ಬೆಳ್ಳಿಯ ಪ್ರಮಾಣವನ್ನು ಅರ್ಧಕ್ಕೆ ಇಳಿಸಿದರು. ಅದಕ್ಕೇ 1939ರದ್ದಕ್ಕೆ ನಕಲಿಯೂ ಹೆಚ್ಚು. 1947ರ ಹುಲಿ ಚಿತ್ರದ ರೂಪಾಯಿ ಎಲ್ಲರ ಮನೆಯಲ್ಲೂ ಇದೆ, ಅದು ನಿಕಲ್. ಎಷ್ಟು ಟಂಕಿಸಿದರು, ಎಷ್ಟು ಉಳಿದಿವೆ, ಯಾವ ಸ್ಥಿತಿಯಲ್ಲಿದೆ, ಯಾವ ಟಂಕಸಾಲೆಯದು ಎಂಬುದರ ಮೇಲೆ ಬೆಲೆ ನಿಲ್ಲುತ್ತದೆ. ಸ್ವಾತಂತ್ರ್ಯಾನಂತರದ ನಾಣ್ಯವಾದರೆ ಇಸವಿಯ ಕೆಳಗೆ ನೋಡಿ. ನಕ್ಷತ್ರ ಇದ್ದರೆ ಹೈದರಾಬಾದ್, ವಜ್ರದ ಆಕಾರ ಮುಂಬೈ, ದುಂಡು ಚುಕ್ಕೆ ನೋಯ್ಡಾ, ಏನೂ ಇಲ್ಲದಿದ್ದರೆ ಕೋಲ್ಕತ್ತಾ. ಮತ್ತೆ ಕೈಮುಗಿದು ಕೇಳುತ್ತೇನೆ, ಹುಣಸೆಹಣ್ಣು ಹಚ್ಚಿ, ಬೂದಿ ಹಾಕಿ ತಿಕ್ಕಬೇಡಿ. ಫಳಫಳ ಹೊಳೆದರೆ ಗಿರಾಕಿ ಬರುತ್ತಾನೆ ಎಂದು ಎಲ್ಲರೂ ತಿಳಿದಿದ್ದಾರೆ. ತಿಕ್ಕಿದ ನಾಣ್ಯ ಸಂಗ್ರಾಹಕನ ಕಣ್ಣಿಗೆ ಬರೀ ಲೋಹ.

ನಿಜಾಮನಿಗಿಂತ ಹಿಂದಕ್ಕೆ ಹೋದರೆ ನೆಲವೇ ಮಾತಾಡುತ್ತದೆ. ಕಲಬುರಗಿ 1347ರಿಂದ ಬಹಮನಿ ರಾಜಧಾನಿ. ಬೆಳ್ಳಿಯ ಟಂಕದ ಮೇಲೆ ಈ ಊರಿನ ಹೆಸರು ‘ಅಹಸನಾಬಾದ್’ ಎಂದಿರುತ್ತದೆ. ಜೇವರ್ಗಿಗೆ ಹೋಗುವ ಹಾದಿಯಲ್ಲಿ ಭೀಮಾ ದಂಡೆಯ ಫಿರೋಜಾಬಾದ, ಫಿರೋಜ್ ಷಾ ಬಹಮನಿ (1397–1422) ಕಟ್ಟಿದ ಊರು. ಅವನ ಟಂಕಗಳ ಮೇಲೆ ಇಸವಿಯೂ ಇರುತ್ತದೆ, ಟಂಕಸಾಲೆಯ ಹೆಸರೂ ಇರುತ್ತದೆ. ಈ ಭಾಗದ ಹೊಲಗಳಲ್ಲಿ ಮಳೆ ಬಿದ್ದ ಮೇಲೆ ಸಿಗುವ ಗಿಡ್ಡ, ದಪ್ಪ, ಹಸಿರು ಹಿಡಿದ ತಾಮ್ರದ ಬಿಲ್ಲೆಗಳು ಬಹಮನಿಯದ್ದೋ ಬಿಜಾಪುರದ ಆದಿಲಶಾಹಿಯದ್ದೋ ಆಗಿರಬಹುದು. ಅವಕ್ಕೆ ಮಾರುಕಟ್ಟೆಯಲ್ಲಿ ದೊಡ್ಡ ಬೆಲೆ ಇಲ್ಲ. ಆದರೆ ಎಲ್ಲಿ ಸಿಕ್ಕಿತು, ಯಾವುದರ ಜೊತೆ ಸಿಕ್ಕಿತು ಎಂಬುದು ಗೊತ್ತಿದ್ದರೆ ಅದೇ ಬಿಲ್ಲೆ ಒಂದು ದಾರಿಯನ್ನೋ, ಒಂದು ಸಂತೆಯನ್ನೋ, ಒಂದು ದಂಡಯಾತ್ರೆಯನ್ನೋ ತೋರಿಸುತ್ತದೆ. ಗುಜರಿಯವನ ಚೀಲಕ್ಕೆ ಬಿದ್ದ ಮೇಲೆ ಏನನ್ನೂ ತೋರಿಸುವುದಿಲ್ಲ. ಇದೇ ಭೀಮೆಯ ದಂಡೆಯ ಸನ್ನತಿಯಲ್ಲಿ 1986ರಲ್ಲಿ ಗುಡಿಯ ಚಾವಣಿ ಕುಸಿದಾಗ ಮೂರ್ತಿಯ ಪೀಠವಾಗಿದ್ದ ಕಲ್ಲಿನ ಮೇಲೆ ಅಶೋಕನ ಶಾಸನ ಕಂಡಿತು. ಅಷ್ಟು ಶತಮಾನ ಅದರ ಮುಂದೆ ಕೈಮುಗಿದವರಿಗೆ ಅದು ಓದುವ ಕಲ್ಲು ಎಂದು ಗೊತ್ತಿರಲಿಲ್ಲ.

ಹಾಗಾದರೆ ಸಿಕ್ಕಿದ್ದನ್ನು ಜನ ಯಾಕೆ ತೋರಿಸುವುದಿಲ್ಲ? ನಾನು ಮಾತಾಡಿಸಿದವರಲ್ಲಿ ಹೆಚ್ಚಿನವರ ಉತ್ತರ ಒಂದೇ. ಅಫಜಲಪುರ ಕಡೆಯ ಒಬ್ಬ ಹಿರಿಯರು ನೇರವಾಗಿ ಅಂದರು, ‘ತೋರಿಸಿದ್ರ ಪೊಲೀಸರು ಬರ್ತಾರ್ರಿ. ಒಂದು ಸಿಕ್ಕದಂದ್ರ ಹತ್ತು ಎಲ್ಲಿ ಇಟ್ಟೀದಿ ಅಂತ ಕೇಳ್ತಾರ. ಅದಕ್ಕ ಸುಮ್ನ ಇರೋದ ಚೊಲೊ.’ ಅವರ ಅಂಜಿಕೆ ಪೂರ್ತಿ ಹುಸಿಯಲ್ಲ. ನೆಲದಲ್ಲಿ ಹೂತ ನಿಧಿ ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕೆಂಬ ನಿಯಮ 1878ರ ಬ್ರಿಟಿಷ್ ಕಾಲದ ಕಾಯ್ದೆಯಿಂದ ಬಂದದ್ದು, ಕರ್ನಾಟಕಕ್ಕೆ 1962ರ ತನ್ನದೇ ಕಾಯ್ದೆ ಇದೆ. ನೂರು ವರ್ಷ ದಾಟಿದ ನಾಣ್ಯ 1972ರ ಕಾಯ್ದೆಯ ಪ್ರಕಾರ ಪುರಾವಸ್ತು, ಅದರ ವ್ಯಾಪಾರಕ್ಕೆ ಪರವಾನಗಿ ಬೇಕು, ಖಾಸಗಿಯವರು ದೇಶದ ಹೊರಗೆ ಸಾಗಿಸುವಂತಿಲ್ಲ. ಆದರೆ ಅಜ್ಜಿ ಬಿಟ್ಟುಹೋದ ನಾಲ್ಕು ಚಾರಮಿನಾರ್ ರೂಪಾಯಿ ಮನೆಯಲ್ಲಿ ಇಟ್ಟುಕೊಳ್ಳುವುದು ಅಪರಾಧವಲ್ಲ. ಹೊಲದಲ್ಲಿ ಸಿಕ್ಕ ಕೊಡಕ್ಕೂ ಟ್ರಂಕಿನಲ್ಲಿರುವ ಡಬ್ಬಿಗೂ ಇರುವ ಈ ವ್ಯತ್ಯಾಸವನ್ನು ಯಾರೂ ಊರಿಗೆ ಬಂದು ಹೇಳಿಲ್ಲ. ಹೀಗಾಗಿ ಎರಡೂ ಕತ್ತಲಲ್ಲೇ ಕೈ ಬದಲಾಗುತ್ತವೆ. ನನ್ನ ಅಂದಾಜಿನಲ್ಲಿ ಆಸೆ ಕರಗಿಸಿದ್ದಕ್ಕಿಂತ ಹೆಚ್ಚು ನಾಣ್ಯವನ್ನು ಈ ಅಂಜಿಕೆ ಕರಗಿಸಿದೆ. ನಿಧಿಯಾಸೆಗೆ ಗುಡಿ-ಗೋರಿ ಅಗೆಯುವವರ ಮಾತು ಬೇರೆ, ಅವರಿಗೆ ಕಾನೂನು ಇನ್ನೂ ಬಿಗಿಯಾದರೂ ನನಗೆ ಬೇಸರವಿಲ್ಲ.

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1997ರಿಂದ ಒಂದು ವ್ಯವಸ್ಥೆ ಇದೆ. ಹೊಲದಲ್ಲಿ ನಾಣ್ಯವೋ ಗುಂಡಿಯೋ ಸಿಕ್ಕವರು ಪ್ರದೇಶವಾರು ನೇಮಿಸಿದ ಒಬ್ಬ ಅಧಿಕಾರಿಗೆ ತೋರಿಸುತ್ತಾರೆ. ಆತ ಚಿತ್ರ ತೆಗೆದು, ಸಿಕ್ಕ ಜಾಗ ಬರೆದುಕೊಂಡು, ನಿಧಿಯ ಲೆಕ್ಕಕ್ಕೆ ಬಾರದ್ದನ್ನು ಸಾಮಾನ್ಯವಾಗಿ ವಾಪಸ್ ಕೊಡುತ್ತಾನೆ. ಹೀಗೆ ದಾಖಲಾದ ವಸ್ತುಗಳ ಸಂಖ್ಯೆ ಹತ್ತು ಲಕ್ಷ ದಾಟಿದೆ. ನಮ್ಮಲ್ಲಿ ಅಷ್ಟು ದೊಡ್ಡದು ಬೇಡ. ಕಲಬುರಗಿಯಲ್ಲಿ ಬಹಮನಿ ಕಾಲದ ಎರಡು ಗುಮ್ಮಟಗಳಲ್ಲೇ ಸರ್ಕಾರಿ ವಸ್ತುಸಂಗ್ರಹಾಲಯ ಇದೆ. ಆಳಂದ ತಾಲ್ಲೂಕಿನ ಕಡಗಂಚಿಯಲ್ಲೇ ಕೇಂದ್ರೀಯ ವಿಶ್ವವಿದ್ಯಾಲಯ ಇದೆ. ಪಂಚಾಯಿತಿಗಳ ಗ್ರಂಥಾಲಯಕ್ಕೆ ‘ಅರಿವು ಕೇಂದ್ರ’ ಎಂದು ಹೆಸರಿಟ್ಟಿದ್ದೇವೆ. ವರ್ಷಕ್ಕೊಮ್ಮೆ ಒಂದೊಂದು ಹೋಬಳಿಯಲ್ಲಿ ಒಂದು ದಿನ, ಒಂದು ಮೇಜು, ಒಂದು ತಕ್ಕಡಿ, ಒಂದು ಮಸೂರ, ಓದಬಲ್ಲ ಒಬ್ಬ ಮನುಷ್ಯ. ಹೆಸರು ಕೇಳುವುದಿಲ್ಲ, ನಾಣ್ಯ ಕಸಿಯುವುದಿಲ್ಲ ಎಂದು ಮೊದಲೇ ಡಂಗುರ ಹೊಡೆಸಬೇಕು. ಎ. ವಿ. ನರಸಿಂಹಮೂರ್ತಿಯವರು 1975ರಲ್ಲೇ ಕರ್ನಾಟಕದ ನಾಣ್ಯಗಳ ಬಗ್ಗೆ ಇಂಗ್ಲಿಷಿನಲ್ಲಿ ಒಂದು ಇಡೀ ಪುಸ್ತಕ ಬರೆದರು. ಆ ಅರಿವು ತಾಲ್ಲೂಕಿನ ಮೇಜಿನ ತನಕ ಬರಬೇಡವೇ?

ಓದಬಲ್ಲ ಮನುಷ್ಯನನ್ನು ಎಲ್ಲಿಂದ ತರುವುದು ಎಂದು ಒಬ್ಬ ಅಧಿಕಾರಿ ನನ್ನನ್ನು ಕೇಳಿದರು. ಮೈಸೂರಿನಿಂದ, ಬೆಂಗಳೂರಿನಿಂದ ಎಂಬುದು ಅವರ ಅಂದಾಜು. ಚಾರಮಿನಾರ್ ನಾಣ್ಯದ ಮೇಲಿನ ಲಿಪಿ ಓದಲು ಅಷ್ಟು ದೂರ ಯಾಕೆ? ನಿಜಾಮನ ಕಾಲದಲ್ಲಿ ಉರ್ದು ಕಲಿತ ಹಿರಿಯರು ಬೆರಳೆಣಿಕೆಯಷ್ಟಾದರೂ ಇನ್ನೂ ಇದ್ದಾರೆ. ಹಿಂದೆ ಜಮೀನಿನ ಕಾಗದ ಓದಿಸಲು ಊರಿಗೆ ಊರೇ ಅಂಥವರ ಕಟ್ಟೆಗೆ ಹೋಗುತ್ತಿತ್ತು. ಆಳಂದದಲ್ಲಿ ಲಾಡ್ಲೆ ಮಶಾಯಕ್ ದರ್ಗಾದ ಓಣಿಯಲ್ಲಿ ನಿಂತು ಕೇಳಿದರೆ ಅಂಕಿ ಓದಿ ಹೇಳುವವರು ಹತ್ತು ಜನ ಸಿಗುತ್ತಾರೆ. ‘ಇದು ತುರುಕರ ರೊಕ್ಕ, ನಮಗೇನು ಗೊತ್ತು’ ಎಂದು ಡಬ್ಬಿ ಮುಚ್ಚುವ ಹುಡುಗರಿಗೆ ನಾನು ಹೇಳುವುದಿಷ್ಟೇ: ಅದು ನಿಮ್ಮ ಮುತ್ತಜ್ಜ ತೊಗರಿ, ಜೋಳ ಮಾರಿ ಎಣಿಸಿಕೊಂಡ ರೊಕ್ಕ. ಓದಿದವನು ಬೇರೆ ಓಣಿಯವನಾದರೂ ದುಡಿದವನು ನಿಮ್ಮ ಮನೆಯವನು.

ನಮ್ಮ ಬಳಗದವರಿಗೆ ಒಂದು ಮಾತು. ಮುಂದಿನ ಸಲ ‘ಲಕ್ಷಾಧಿಪತಿ’ ಸುದ್ದಿಯನ್ನು ಹಾಕು ಎಂದು ಡೆಸ್ಕಿನಿಂದ ಫೋನ್ ಬಂದರೆ, ಕೊಂಡವನ ಹೆಸರು ಮತ್ತು ರಸೀದಿ ಕೇಳಿ. ಅವರು ತಡವರಿಸುತ್ತಿರುವ ಹೊತ್ತಿಗೆ ನೀವು ಹತ್ತಿರದ ಒಂದು ಮನೆಗೆ ಹೋಗಿ ಅಜ್ಜಿಯ ಸರದಲ್ಲಿರುವ ರೂಪಾಯಿಗಳ ಇಸವಿ ಬರೆದುಕೊಂಡು ಬನ್ನಿ. ಎಲ್ಲಿಂದ ಬಂತು ಎಂದು ಕೇಳಿ ಬರೆದುಕೊಳ್ಳಿ. ಜೇವರ್ಗಿಯಲ್ಲಿ ಹಾಗೆ ಕೇಳಿದಾಗ ಒಬ್ಬ ಅಜ್ಜಿ ತನ್ನ ಕೊರಳ ಹನ್ನೊಂದು ರೂಪಾಯಿಗಳಲ್ಲಿ ಒಂದೊಂದನ್ನೂ ಬೆರಳಲ್ಲಿ ಹಿಡಿದು ಹೇಳಿದಳು: ಇದು ತವರಿನದು, ಇದು ಎಮ್ಮಿ ಮಾರಿದ್ದು, ಇದು ಬರದಾಗ ಒತ್ತಿ ಇಟ್ಟು ಮತ್ತ ಬಿಡಿಸಿದ್ದು.