ಹರಾಜಿಗೆ ನಿಲುಕದ ಸಂಪತ್ತು

ಪೂರ್ವಜರ ಕುರುಹುಗಳನ್ನು ಧನಬಲದಿಂದ ಮರಳಿ ಪಡೆಯಬಹುದೆಂಬ ನಂಬಿಕೆ ಹಲವರಲ್ಲಿದೆ. 1799ರಲ್ಲಿ ಶ್ರೀರಂಗಪಟ್ಟಣದಿಂದ ಸೂರೆಹೋದ ಟಿಪ್ಪು ಸುಲ್ತಾನನ ಖಡ್ಗವೊಂದು 2023ರ ಮೇ ತಿಂಗಳಲ್ಲಿ ಲಂಡನ್ನಿನ ಹರಾಜಿನಲ್ಲಿ ಸುಮಾರು 1 ಕೋಟಿ 40 ಲಕ್ಷ ಪೌಂಡುಗಳಿಗೆ ಮಾರಾಟವಾಯಿತು. 2003ರಲ್ಲಿ ಅದೇ ನಗರದಲ್ಲಿ ಉದ್ಯಮಿ ವಿಜಯ್ ಮಲ್ಯ ಟಿಪ್ಪುವಿನ ಖಡ್ಗವೊಂದನ್ನು ಕೊಂಡಿದ್ದರು. ಅದು ಅವರ ಬಳಿ ಉಳಿದಿಲ್ಲವೆಂಬುದು 2018ರಲ್ಲಿ ತಿಳಿದುಬಂದಿತು. ಒಬ್ಬನ ಕೈಸೇರಿದ ವಸ್ತು ನಾಡಿನ ಸ್ವತ್ತಾಗಲಾರದು.

ಸಂಗ್ರಾಹಕರಿಲ್ಲದಿದ್ದರೆ ಎಷ್ಟೋ ವಸ್ತುಗಳು ನಾಶವಾಗುತ್ತಿದ್ದವೆಂಬ ವಾದವನ್ನು ಪೂರ್ಣವಾಗಿ ಅಲ್ಲಗಳೆಯುವಂತಿಲ್ಲ. ಫ. ಗು. ಹಳಕಟ್ಟಿಯವರೂ ಸಂಗ್ರಾಹಕರೇ. ಆದರೆ ಅವರು ಮನೆಮನೆ ಅಲೆದು ಕೂಡಿಸಿದ ವಚನದ ತಾಡವೋಲೆಗಳು ಪೆಟ್ಟಿಗೆ ಸೇರದೆ, ಅಚ್ಚಾಗಿ ಜನರ ಕೈಸೇರಿದವು. ಸಂಗ್ರಹಕ್ಕೂ ಸ್ವಾಮ್ಯಕ್ಕೂ ಇರುವ ಅಂತರವಿದು.

ಸ್ಥಾನಭ್ರಷ್ಟವಾದ ಶಿಲೆಗೆ ಅರ್ಥನಷ್ಟವೂ ತಪ್ಪದು. 'ಕೆರೆಯ ಮೂಡಣ ಗದ್ದೆ'ಯನ್ನು ದತ್ತಿಯಿತ್ತ ಶಾಸನವನ್ನು ಕಿತ್ತೊಯ್ದರೆ ಅದು ಯಾವ ಕೆರೆಯ ಕಥೆ ಹೇಳೀತು? 1972ರ ಪ್ರಾಚ್ಯವಸ್ತು ಕಾಯಿದೆಯು ಶತಮಾನ ಕಳೆದ ಇಂತಹ ವಸ್ತುಗಳನ್ನು ಖಾಸಗಿಯವರು ಹೊರದೇಶಕ್ಕೆ ಸಾಗಿಸುವುದನ್ನು ನಿಷೇಧಿಸಿದೆ. ಆದರೆ ಹೊಲದ ಬದುವಿನ ವೀರಗಲ್ಲಿಗೆ ಕಾನೂನು ಕಾವಲು ಕೂರಲಾರದು.

ಬಿ. ಎಲ್. ರೈಸ್ 1904ರಲ್ಲಿಯೇ ತುಮಕೂರು ಜಿಲ್ಲೆಯ ಶಾಸನಗಳನ್ನು, ಅವು ನಿಂತಿದ್ದ ಸ್ಥಳದ ಸಹಿತ, ಪ್ರಕಟಿಸಿದರು. ಕೋರದ ವಿದ್ಯಾರ್ಥಿಗಳು ಆ ಸಂಪುಟ ಹಿಡಿದು ಸುತ್ತಲಿನ ಗ್ರಾಮಗಳಲ್ಲಿ ಉಳಿದುದೆಷ್ಟು, ಅಳಿದುದೆಷ್ಟು ಎಂದು ತಾಳೆನೋಡಬೇಕು. ಅದರಲ್ಲಿ ಸೇರದ ವೀರಗಲ್ಲು, ಮಾಸ್ತಿಕಲ್ಲುಗಳನ್ನು ಬರೆದಿಡಬೇಕು. ದಾಖಲೆಯಿದ್ದರೆ ಕಳುವಾದುದನ್ನು ತಮ್ಮದೆಂದು ಕೇಳಬಹುದು. ದಾಖಲೆಯಿಲ್ಲದವರು ಹರಾಜಿನ ಕೂಗನ್ನು ದೂರದಿಂದ ಕೇಳಬೇಕಾದೀತು.