ಹಾಸಿಗೆ ಇದ್ದಷ್ಟು ಕಾಲು, ಆಲ್ಟರ್ನೇಟರ್ ಇದ್ದಷ್ಟು ಸದ್ದು

ಬ್ಯಾಂಕಿನವರಿಗೆ ಒಂದು ಚಾಳಿ ಇರುತ್ತದೆ. ಏನು ನೋಡಿದರೂ ಮೊದಲು ಕಣ್ಣಿಗೆ ಬೀಳೋದು ಜಮೆ ಮತ್ತು ಖರ್ಚು. ನಾನು ಓದಿದ್ದು ಬಿ.ಕಾಂ., ಎಂಜಿನಿಯರಿಂಗ್ ಅಲ್ಲ. ಆದರೂ ಇವತ್ತು ಕಾರಿನ ಬಾನೆಟ್ ಕೆಳಗಿನ ಒಂದು ವಿಷಯ ಬರೆಯಲು ಹೊರಟಿದ್ದೇನೆ. ಯಾಕೆ ಅಂದ್ರೆ, ವಿಚಾರಿಸುತ್ತಾ ಹೋದ ಹಾಗೆ ಇದು ಅಪ್ಪಟ ಲೆಕ್ಕದ ವಿಷಯ ಅಂತ ಗೊತ್ತಾಯಿತು.

ನಮ್ಮ ಠಾಣೆ, ಡೊಂಬಿವಲಿ, ಕಲ್ಯಾಣ್ ಕಡೆಯ ಕನ್ನಡದ ಮನೆಗಳಲ್ಲಿ ಈಗ ಒಂದು ಕ್ರಮ ನಡೆದಿದೆ. ಮಗನಿಗೆ ಕೆಲಸ, ಆಮೇಲೆ ಸಾಲದ ಮೇಲೆ ಕಾರು, ಆಮೇಲೆ ಕಾರಿನ ಡಿಕ್ಕಿಯಲ್ಲಿ ದೊಡ್ಡದೊಂದು ಸಬ್‌ವೂಫರ್. ನಮ್ಮ ಬಿಲ್ಡಿಂಗಿನ ಉಡುಪಿ ಕಡೆಯ ಗೆಳೆಯರೊಬ್ಬರು ಮೊನ್ನೆ ಮಗನನ್ನು ಮುಂದೆ ಬಿಟ್ಟುಕೊಂಡು, 'ನೀವಾದ್ರೂ ಸ್ವಲ್ಪ ಹೇಳಿ ಮಾರಾಯ್ರೆ' ಅಂದರು. ಹುಡುಗ 1000 ವ್ಯಾಟಿನ ಆಂಪ್ಲಿಫೈಯರ್ ಹಾಕಿಸಬೇಕಂತೆ. 'ಕಂಪನಿ ಆಲ್ಟರ್ನೇಟರೇ ಸಾಕು, ಏನೂ ಆಗಲ್ಲ ಅಂತ ಅಂಗಡಿಯವನು ಹೇಳಿದ್ದಾನೆ ಅಂಕಲ್' ಅಂದ. ಆ ಹುಡುಗನಿಗೆ ಹೇಳಿದ್ದನ್ನೇ ಇಲ್ಲಿ ವಿಸ್ತಾರವಾಗಿ ಬರೆಯುತ್ತಿದ್ದೇನೆ. ನನ್ನ ಅಭಿಪ್ರಾಯ ಇಷ್ಟೇ: ಸಣ್ಣ ಕಾರಿನ ಕಂಪನಿ ಆಲ್ಟರ್ನೇಟರ್ ಮುನ್ನೂರು, ನಾನೂರು ನಿಜವಾದ ವ್ಯಾಟನ್ನು ಸಾಕುತ್ತದೆ. ಅದರಾಚೆಗಿನದು ಓವರ್‌ಡ್ರಾಫ್ಟ್.

ಆಲ್ಟರ್ನೇಟರ್ ಅಂದರೆ ಸಂಬಳ. ಎಂಜಿನ್ ತಿರುಗಿದಾಗ ಬೆಲ್ಟಿನ ಮೂಲಕ ಅದೂ ತಿರುಗಿ ಕರೆಂಟ್ ಮಾಡುತ್ತದೆ. ಬ್ಯಾಟರಿ ಅಂದರೆ ಉಳಿತಾಯ ಖಾತೆ. ಅದರಲ್ಲಿರುವ ಪ್ರತಿಯೊಂದು ಪೈಸೆಯೂ ಆಲ್ಟರ್ನೇಟರ್ ಹಾಕಿದ್ದೇ. ತುಂಬಿದ ಬ್ಯಾಟರಿ ಸುಮ್ಮನಿರುವಾಗ 12.6 ವೋಲ್ಟ್ ಸುಮಾರು ತೋರಿಸುತ್ತದೆ. ಕಾರು ಓಡುವಾಗ ಆಲ್ಟರ್ನೇಟರ್ ಸುಮಾರು 14 ವೋಲ್ಟ್ ಕೊಟ್ಟು ಅದನ್ನು ತುಂಬುತ್ತಿರುತ್ತದೆ.

ಸಣ್ಣ ಕಾರೊಂದರ ಆಲ್ಟರ್ನೇಟರ್ 75 ಆಂಪಿಯರಿನದು ಅಂತಿಟ್ಟುಕೊಳ್ಳಿ. ಮಳೆಗಾಲದ ರಾತ್ರಿ. ದೀಪಗಳಿಗೆ 10, ಏಸಿ ಬ್ಲೋವರ್‌ಗೆ 12, ರೇಡಿಯೇಟರ್ ಫ್ಯಾನಿಗೆ 12, ವೈಪರಿಗೆ 4, ಎಂಜಿನ್ನಿನ ಪೆಟ್ರೋಲ್ ಪಂಪು, ಕಂಪ್ಯೂಟರು ಇತ್ಯಾದಿಗೆ 10. ಎಲ್ಲಾ ಅಂದಾಜೇ, ಕಾರಿನಿಂದ ಕಾರಿಗೆ ಹೆಚ್ಚುಕಡಿಮೆ ಆಗುತ್ತದೆ. ಒಟ್ಟು 48. ಮಿಕ್ಕಿದ್ದು 27 ಆಂಪಿಯರ್. ಮನೆ ಬಾಡಿಗೆ, ಹಾಲು, ಸ್ಕೂಲ್ ಫೀಸು ಹೋಗಿ ಕೈಯಲ್ಲಿ ಉಳಿಯುವ ಹಣ ಇದು.

ಈಗ ಖರ್ಚಿನ ಕಡೆ ಬನ್ನಿ. 'ಡಿ' ಕ್ಲಾಸ್ ಆಂಪ್ಲಿಫೈಯರ್ ತೆಗೆದುಕೊಂಡ ಕರೆಂಟಿನಲ್ಲಿ ನೂರಕ್ಕೆ 80ರಷ್ಟನ್ನು ಸ್ಪೀಕರಿಗೆ ಕೊಡುತ್ತದೆ. 1000 ವ್ಯಾಟ್ ಹೊರಗೆ ಬರಬೇಕಾದರೆ 1250 ವ್ಯಾಟ್ ಒಳಗೆ ಹೋಗಬೇಕು. 14 ವೋಲ್ಟಿನಿಂದ ಭಾಗಿಸಿ, ಸುಮಾರು 90 ಆಂಪಿಯರ್. ಪೂರ್ತಿ ಸಂಬಳಕ್ಕಿಂತ ಜಾಸ್ತಿ! ಹಳೆಯ 'ಎಬಿ' ಕ್ಲಾಸಿನದಾದರೆ ಅರ್ಧ ಕರೆಂಟು ಬಿಸಿಯಾಗಿಯೇ ಹೋಗುತ್ತದೆ, 140 ದಾಟುತ್ತದೆ.

ಹುಡುಗ ಇಲ್ಲಿ ಒಳ್ಳೆಯ ಪ್ರಶ್ನೆ ಕೇಳಿದ. 'ಹಾಡು ಒಂದೇ ಸಮನೆ ಫುಲ್ ಪವರ್ ತಗೊಳ್ಳಲ್ಲ ಅಲ್ವಾ ಅಂಕಲ್?' ನಿಜ. ಸಾಮಾನ್ಯ ಹಾಡಿನಲ್ಲಿ ಸರಾಸರಿ ಮೂರನೇ ಒಂದು ಭಾಗ ಅಥವಾ ಅದಕ್ಕೂ ಕಡಿಮೆ. ಅಂದರೆ 30 ಆಂಪಿಯರ್. ಊರಿಗೆ ಹೋಗುವಾಗ ಕೊಲ್ಹಾಪುರ ದಾಟಿ ಬೆಳಗಾವಿ ಕಡೆ ಹೈವೇಯಲ್ಲಿ ಎಂಜಿನ್ ಚೆನ್ನಾಗಿ ತಿರುಗುತ್ತಿರುವಾಗ ಹೇಗೋ ಸರಿದೂಗೀತು. ಆದರೆ ನಾವು ವರ್ಷದಲ್ಲಿ ಎಷ್ಟು ದಿನ ಬೆಳಗಾವಿ ರಸ್ತೆಯಲ್ಲಿರುತ್ತೇವೆ? ಮಿಕ್ಕ ದಿನವೆಲ್ಲಾ ಘೋಡ್‌ಬಂದರ್ ರಸ್ತೆ, ಮುಂಬ್ರಾ ಬೈಪಾಸ್, ಶೀಲ್‌ಫಾಟಾ. 90ರ ದಶಕದಲ್ಲಿ ಕಲ್ಯಾಣ್-ಶೀಲ್ ರಸ್ತೆಯ ಪ್ರೀಮಿಯರ್ ಕಾರ್ಖಾನೆಯಲ್ಲಿ ಪ್ಯೂಜೊ 309 ಕಾರು ತಯಾರಾಗುತ್ತಿತ್ತು. ಈಗ ಆ ರಸ್ತೆಯಲ್ಲಿ ಕಾರು ತಯಾರಾಗುವುದಿಲ್ಲ, ಸುಮ್ಮನೆ ನಿಲ್ಲುತ್ತದೆ.

ನಿಂತಾಗಲೇ ಸಮಸ್ಯೆ. ಎಂಜಿನ್ ನಿಧಾನ ತಿರುಗಿದರೆ ಆಲ್ಟರ್ನೇಟರಿನ ಆದಾಯವೂ ಅರ್ಧಕ್ಕೆ ಇಳಿಯುತ್ತದೆ. 75ರ ಜಾಗದಲ್ಲಿ 38 ಬಂದರೆ ಮನೆಖರ್ಚಿನ 48ಕ್ಕೇ ಸಾಲದು. ಅದರ ಮೇಲೆ ಹಾಡಿಗೆ 30. ಅಂದರೆ 40 ಆಂಪಿಯರ್ ಬ್ಯಾಟರಿಯಿಂದ ಹೋಗುತ್ತಿರುತ್ತದೆ. ಅರ್ಧ ಗಂಟೆ ಹೀಗೇ ನಿಂತರೆ 20 ಆಂಪಿಯರ್-ಅವರ್ ಖಾಲಿ. ಸಣ್ಣ ಕಾರಿನ ಬ್ಯಾಟರಿ ಇರೋದೇ 35 ಆಂಪಿಯರ್-ಅವರಿನದು! ಡ್ರಮ್ಮಿನ ಪ್ರತಿ ಪೆಟ್ಟಿಗೂ ಹೆಡ್‌ಲೈಟ್ ಮಂಕಾದರೆ ಅದು ಡಿಸ್ಕೋ ಅಲ್ಲ, ಬ್ಯಾಟರಿಯ ಗೋಳು. ಕಾರು ಸ್ಟಾರ್ಟ್ ಮಾಡುವುದಕ್ಕೆಂದು ಮಾಡಿದ ಬ್ಯಾಟರಿ ಹೀಗೆ ಪದೇಪದೇ ಬರಿದಾದರೆ ಅದರ ಆಯುಷ್ಯವೂ ಬೇಗ ಮುಗಿಯುತ್ತದೆ. ಜೊತೆಗೆ ಮಳೆ, ಕತ್ತಲೆ, ಹಿಂದಿನ ಸೀಟಿನಲ್ಲಿ ವಯಸ್ಸಾದ ಅಪ್ಪ ಅಮ್ಮ. ಗಾಡಿ ಅಲ್ಲಿ ಆಫ್ ಆಗಿ ಮತ್ತೆ ಸ್ಟಾರ್ಟ್ ಆಗದಿದ್ದರೆ?

ಅಂಗಡಿಯಲ್ಲಿ ಇದಕ್ಕೆ ಮದ್ದು ಅಂತ ಒಂದು ಕ್ಯಾಪಾಸಿಟರ್ ತೋರಿಸುತ್ತಾರೆ. ಹೊಳೆಯುವ ಡಬ್ಬಿ, 1 ಫ್ಯಾರಡ್. ವೋಲ್ಟು 14.4ರಿಂದ 12ಕ್ಕೆ ಇಳಿಯುವುದರೊಳಗೆ ಅದು ಕೊಡುವ ಶಕ್ತಿ ಸುಮಾರು 32 ಜೂಲ್. 1000 ವ್ಯಾಟಿಗೆ ಅದು ಸೆಕೆಂಡಿನ ನೂರರಲ್ಲಿ ಮೂರು ಭಾಗ. ರೆಪ್ಪೆ ಮಿಟುಕಿಸುವಷ್ಟೂ ಇಲ್ಲ! ತಿಂಗಳ ಕೊನೆಗೆ ಪಕ್ಕದವರ ಹತ್ತಿರ ನೂರು ರೂಪಾಯಿ ಕೈಗಡ ತಂದ ಹಾಗೆ. ಇನ್ನು ಎರಡನೇ ಬ್ಯಾಟರಿ ಅಂದರೆ ಇನ್ನೊಂದು ಪಾಸ್‌ಬುಕ್, ಸಂಬಳ ಮಾತ್ರ ಅದೇ. ಆಲ್ಟರ್ನೇಟರಿನಿಂದ ಬ್ಯಾಟರಿಗೆ, ಬ್ಯಾಟರಿಯಿಂದ ಬಾಡಿಗೆ ದಪ್ಪ ಕೇಬಲ್ ಎಳೆಸುವುದು ಒಳ್ಳೆಯದೇ, ದಾರಿಯಲ್ಲಿ ಸೋರುವುದು ನಿಲ್ಲುತ್ತದೆ. ಆದರೆ ಆದಾಯ ಹೆಚ್ಚುವುದಿಲ್ಲ. ನಿಜವಾದ ಮದ್ದು ದೊಡ್ಡ ಆಲ್ಟರ್ನೇಟರ್. ಅದಕ್ಕೆ ಖರ್ಚಿದೆ, ವಾರಂಟಿ ಕೈಬಿಡುವ ಭಯವಿದೆ, ಇತ್ತೀಚಿನ ಕಾರುಗಳಲ್ಲಿ ಚಾರ್ಜಿಂಗನ್ನು ಕಂಪ್ಯೂಟರೇ ನಡೆಸುವುದರಿಂದ ಹೊಂದಿಸುವುದೂ ಕಷ್ಟ. ಕರೆಂಟು ಪುಕ್ಕಟೆ ಅಂತಲೂ ತಿಳಿಯಬೇಡಿ. 1000 ವ್ಯಾಟ್ ಕರೆಂಟಿಗೆ ಎಂಜಿನ್ ಎರಡು ಹಾರ್ಸ್‌ಪವರಿಗಿಂತ ಹೆಚ್ಚು ಕೊಡಬೇಕು, ಅದು ಪೆಟ್ರೋಲಿನಿಂದಲೇ ಬರಬೇಕು.

ಅಂದ ಹಾಗೆ, ಡಬ್ಬದ ಮೇಲಿನ '1000 ವ್ಯಾಟ್' ಎಷ್ಟು ನಿಜ? ನಮ್ಮಲ್ಲಿ ಫ್ಲಾಟ್ ಬಡ್ಡಿಗೂ ನಿಜವಾದ ಬಡ್ಡಿಗೂ ಇರುವ ವ್ಯತ್ಯಾಸವೇ ಇಲ್ಲೂ ಇದೆ. ಪೀಕ್ ವ್ಯಾಟ್ ಬೇರೆ, ಆರ್‌ಎಂಎಸ್ ವ್ಯಾಟ್ ಬೇರೆ. ಆಂಪ್ಲಿಫೈಯರಿನ ಫ್ಯೂಸ್ ನೋಡಿ. 30 ಆಂಪಿಯರಿನ ಫ್ಯೂಸ್ ಇದ್ದರೆ ಒಳಗೆ ಹೋಗುವುದೇ 400 ವ್ಯಾಟ್ ಸುಮಾರು. ಹೊರಗೆ ಸತತವಾಗಿ 1000 ಎಲ್ಲಿಂದ ಬರಬೇಕು?

ನನಗೆ ಎಲ್ಲಕ್ಕಿಂತ ಆಶ್ಚರ್ಯವಾಗಿದ್ದು ಕಿವಿಯ ಲೆಕ್ಕ. ವ್ಯಾಟ್ ಎರಡು ಪಟ್ಟಾದರೆ ಸದ್ದು ಹೆಚ್ಚುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ಎರಡು ಪಟ್ಟು ಅನ್ನಿಸಬೇಕಾದರೆ ಸುಮಾರು 10 ಡೆಸಿಬೆಲ್, ಅಂದರೆ ಹತ್ತು ಪಟ್ಟು ವ್ಯಾಟ್ ಬೇಕು. 100 ವ್ಯಾಟಿನಿಂದ 1000ಕ್ಕೆ ಹೋದವನಿಗೆ ಸಿಕ್ಕಿದ್ದು ಬರೀ ಎರಡು ಪಟ್ಟು! ಅದರ ಬದಲು 87 ಡೆಸಿಬೆಲ್ ಸ್ಪೀಕರಿನ ಜಾಗದಲ್ಲಿ 90ರದ್ದು ಹಾಕಿದರೆ ಅರ್ಧ ವ್ಯಾಟಿನಲ್ಲೇ ಅಷ್ಟೇ ಸದ್ದು ಬರುತ್ತದೆ. ಯಾವ ಫಿಕ್ಸೆಡ್ ಡಿಪಾಸಿಟ್ಟೂ ಇಂಥ ಲಾಭ ಕೊಡುವುದಿಲ್ಲ.

ಇನ್ನೊಂದು ಮಾತು ಹೇಳಲೇಬೇಕು. ಸದ್ದು ನಮ್ಮೊಬ್ಬರದೇ ಅಲ್ಲ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ಹಬ್ಬದ ಧ್ವನಿವರ್ಧಕಗಳ ವಿರುದ್ಧ ಹೈಕೋರ್ಟ್ ಮೆಟ್ಟಿಲು ಹತ್ತಿದವರು ನಮ್ಮ ಠಾಣೆಯ ಡಾಕ್ಟರ್ ಮಹೇಶ್ ಬೇಡೇಕರ್. 2016ರ ಆಗಸ್ಟಿನಲ್ಲಿ ಬಾಂಬೆ ಹೈಕೋರ್ಟ್ ಆ ಅರ್ಜಿಯ ಮೇಲೆ ವಿವರವಾದ ತೀರ್ಪು ಕೊಟ್ಟಿತು. ಪರ ಊರಿನಲ್ಲಿ ಬದುಕು ಕಟ್ಟಿಕೊಂಡ ನಮ್ಮಂಥವರು ಅಕ್ಕಪಕ್ಕದವರ ನಿದ್ದೆಯ ಬಗ್ಗೆ ಒಂದು ಗುಲಗಂಜಿ ಹೆಚ್ಚೇ ಯೋಚಿಸಬೇಕು ಅಂತ ನನ್ನ ಅನಿಸಿಕೆ.

ಹಾಗಂತ ಹಾಡು ಬೇಡ ಅನ್ನುವವನು ನಾನಲ್ಲ. ಹಾಕಿಸುವ ಮುಂಚೆ ಮೂರು ಪ್ರಶ್ನೆ ಕೇಳಿ. ಆಲ್ಟರ್ನೇಟರ್ ಎಷ್ಟು ಆಂಪಿಯರಿನದು? ಆಂಪ್ಲಿಫೈಯರಿನ ಆರ್‌ಎಂಎಸ್ ಎಷ್ಟು, ಫ್ಯೂಸ್ ಎಷ್ಟು? ಬ್ಯಾಟರಿಯಿಂದ ಹೊರಟ ಕೇಬಲಿಗೆ ಒಂದೂವರೆ ಅಡಿಯೊಳಗೆ ಫ್ಯೂಸ್ ಹಾಕುತ್ತೀರಾ? ಈ ಮೂರನೆಯದಕ್ಕೆ 'ಬೇಕಾಗಲ್ಲ ಸಾಹೇಬ್' ಅಂತ ಉತ್ತರ ಬಂದರೆ ಆ ಅಂಗಡಿಯಿಂದ ಎದ್ದು ಬನ್ನಿ. ಫ್ಯೂಸಿಲ್ಲದ ಕೇಬಲ್ ಎಲ್ಲಾದರೂ ಉಜ್ಜಿ ಬಾಡಿಗೆ ತಾಗಿದರೆ ಬೆಂಕಿಯೇ ಗತಿ.

ಹುಡುಗ ಸದ್ಯಕ್ಕೆ ಒಳ್ಳೆಯ ಸ್ಪೀಕರು, 300 ವ್ಯಾಟಿನ ಆಂಪ್ಲಿಫೈಯರ್ ಎನ್ನುವಲ್ಲಿಗೆ ಬಂದಿದ್ದಾನೆ. ಅವರಪ್ಪನಿಗೆ ಅದೂ ಜಾಸ್ತಿಯೇ ಅಂತೆ. ನಿಮ್ಮ ಮನೆಯಲ್ಲಿ ಈ ವಾದ ಎಲ್ಲಿಗೆ ಮುಟ್ಟಿದೆ? ಬರೆದು ತಿಳಿಸಿ.