ಮೊದಲ ಸೂಜಿ ಬೊಂಬೆಗೆ ಬೀಳಲಿ

ಪೊರೆ ಆಪರೇಷನ್ ಮಾಡಿಸಿಕೊಂಡು ಬಂದ ಅಜ್ಜಿಯನ್ನು ಮಾತಾಡಿಸಿ ನೋಡಿ. ಲೆನ್ಸಿನ ಬ್ರ್ಯಾಂಡು ಆಕೆಗೆ ನೆನಪಿರುವುದಿಲ್ಲ. ‘ಕಣ್ಣ ಕೆಳಗೆ ಒಂದು ಇಂಜೆಕ್ಷನ್ ಚುಚ್ಚಿದರಪ್ಪ, ಆಮೇಲೆ ಏನೂ ಗೊತ್ತಾಗಲಿಲ್ಲ’ ಎನ್ನುತ್ತಾಳೆ. ಆ ಇಂಜೆಕ್ಷನ್ ಕೊಡುವುದನ್ನು ಡಾಕ್ಟರು ಯಾರ ಕಣ್ಣಿನ ಮೇಲೆ ಕಲಿತರು ಎಂದು ಮಾತ್ರ ಯಾರೂ ಕೇಳುವುದಿಲ್ಲ.

ಸೂಜಿ ಹೊಗುವ ಜಾಗ ಬಲು ಇಕ್ಕಟ್ಟು. ಕಣ್ಣಿನ ಕುಳಿಯಲ್ಲಿ ಹಿಡಿಸುವುದು ಸುಮಾರು 30 ಮಿಲಿಲೀಟರ್. ಅದರಲ್ಲಿ 7ರಷ್ಟು ಗುಡ್ಡೆಯದೇ. ಮಿಕ್ಕ ಜಾಗದಲ್ಲಿ ಸ್ನಾಯು, ರಕ್ತನಾಳ, ಕೊಬ್ಬು, ದೃಷ್ಟಿನರ ಒತ್ತೊತ್ತಾಗಿವೆ. ಒಳಹೊಕ್ಕ ಸೂಜಿಯ ತುದಿ ಡಾಕ್ಟರಿಗೂ ಕಾಣದು. ಸಾಮಾನ್ಯವಾಗಿ 24 ಮಿಲಿಮೀಟರ್ ಉದ್ದವಿರುವ ಗುಡ್ಡೆ, ದಪ್ಪ ಮೈನಸ್ ಕನ್ನಡಕದವರಲ್ಲಿ ಇನ್ನೂ ಉದ್ದವಾಗಿ, ಗೋಡೆ ತೆಳುವಾಗಿರುತ್ತದೆ. ತೂತು ಬೀಳುವ ಭಯ ಅಲ್ಲೇ ಹೆಚ್ಚು. ದೃಷ್ಟಿನರದ ಹೊದಿಕೆಯೊಳಗೆ ಅರಿವಳಿಕೆ ಮದ್ದು ಇಳಿದರೆ ಮಿದುಳುಕಾಂಡ ಮುಟ್ಟಿ ಉಸಿರೇ ನಿಲ್ಲಬಹುದು. ಅಪರೂಪ, ನಿಜ. ಆದರೆ ಅಂಥದ್ದು ಒಂದಾದರೂ ಸಾಕಲ್ಲವೇ?

ಗುರುಮುಖೇನ ಕಲಿತದ್ದೆಲ್ಲ ಸರಿಯೆಂದೂ ಅಲ್ಲ. ‘ಮೇಲಕ್ಕೆ, ಮೂಗಿನ ಕಡೆಗೆ ನೋಡಿ’ ಎಂದು ರೋಗಿಗೆ ಹೇಳಿ ಸೂಜಿ ಹಾಕುವ ಪದ್ಧತಿಯನ್ನು 1936ರಲ್ಲಿ ಕಣ್ಣಿನ ವೈದ್ಯ ಅಟ್ಕಿನ್ಸನ್ ಸೂಚಿಸಿದ್ದರು. 1981ರಲ್ಲಿ ಸಿಟಿ ಸ್ಕ್ಯಾನ್ ಬೇರೆಯೇ ಕಥೆ ಹೇಳಿತು: ಹಾಗೆ ನೋಡಿದಾಗ ದೃಷ್ಟಿನರ ಸೂಜಿಯ ದಾರಿಗೇ ಸರಿದು ಬರುತ್ತಿತ್ತು. ಈಗ ನೇರ ನೋಡಿ ಅನ್ನುತ್ತಾರೆ.

ಆಪರೇಷನ್ ಕಲಿಯಲು ಮೇಕೆಯ ಕಣ್ಣುಗುಡ್ಡೆ ಇದೆ. ಇಂಜೆಕ್ಷನ್ ಕಲಿಕೆಗೆ ಅದು ಸಾಲದು, ಇಲ್ಲಿ ಗುಡ್ಡೆಗಿಂತ ಅದರ ಸುತ್ತಲಿನ ಮೂಳೆ, ಸ್ನಾಯುಗಳೇ ಪಾಠ. ಮದ್ರಾಸ್ ಐಐಟಿಯ ಎಂಜಿನಿಯರುಗಳು ಚೆನ್ನೈನ ಶಂಕರ ನೇತ್ರಾಲಯದ ಅರಿವಳಿಕೆ ತಜ್ಞರೊಂದಿಗೆ ಕೂತು ತಲೆಯಾಕಾರದ ಬೊಂಬೆಯೊಂದನ್ನು ಮಾಡಿದ್ದು ಈ ಕೊರತೆ ನೀಗಲೆಂದೇ. ಸೂಜಿ ಸ್ನಾಯುವಿನ ಹತ್ತಿರ ಹೋದರೆ ಕೆಪಾಸಿಟನ್ಸ್ ಸೆನ್ಸರ್ ಹಿಡಿದುಬಿಡುತ್ತದೆ. ಮೊಬೈಲ್ ಪರದೆಗೆ ಬೆರಳಿನ ಸುಳಿವು ಸಿಗುವುದೂ ಇದೇ ತತ್ವದಿಂದ. ಜೊತೆಗೆ ಕಾಂತಕ್ಷೇತ್ರ ಗ್ರಹಿಸುವ ಹಾಲ್ ಸೆನ್ಸರುಗಳೂ ಇವೆ. ಎಲೆಕ್ಟ್ರಿಕ್ ಸ್ಕೂಟರಿನ ಆಕ್ಸಿಲರೇಟರ್ ಒಳಗಿರುತ್ತದಲ್ಲ, ಅಂಥವೇ. ತಪ್ಪು ಆಗುತ್ತಿರುವಾಗಲೇ ಗೊತ್ತಾಗುತ್ತದೆ, ಯಾರ ಕಣ್ಣೂ ಹೋಗುವುದಿಲ್ಲ.

ಈಗೆಲ್ಲ ಅರಿವಳಿಕೆಯ ಹನಿ ಹಾಕಿಯೇ ಪೊರೆ ತೆಗೆಯುತ್ತಾರಲ್ಲ, ಬೊಂಬೆಯೇಕೆ ಎನ್ನುವವರಿದ್ದಾರೆ. ಯಂತ್ರದಿಂದ ಪೊರೆ ಒಡೆದು ತೆಗೆಯುವ ನಗರದ ಫೇಕೋ ಕೋಣೆಯಲ್ಲಿ ಅದು ಬಹುಮಟ್ಟಿಗೆ ಸರಿ. ಆದರೆ ಕೈಯಿಂದ ಮಾಡುವ ಸಣ್ಣ ಗಾಯದ ಆಪರೇಷನ್ನಿಗೆ, ರೆಟಿನಾ ಚಿಕಿತ್ಸೆಗೆ ಸೂಜಿ ಇನ್ನೂ ಬೇಕು. ಹನಿಯ ಬಳಕೆ ಹೆಚ್ಚಿದಷ್ಟೂ ಕಲಿಯುವ ಹುಡುಗರ ಕೈಗೆ ಸೂಜಿ ಸಿಗುವುದು ಕಡಿಮೆ. ಕೈ ಪಳಗದವರು ಹೆಚ್ಚುತ್ತಾರೆ. ಬೀಳಗಿಯ ನೇತ್ರತಜ್ಞ ಡಾ. ಎಂ.ಸಿ. ಮೋದಿ ಊರೂರಿಗೆ ಶಿಬಿರ ಒಯ್ದ ಕಾಲದಲ್ಲಿ ಹಿರಿಯರ ಪಕ್ಕ ನಿಂತು ಕಲಿಯುವುದೇ ದಾರಿಯಾಗಿತ್ತು. ಈಗ ಇನ್ನೊಂದು ದಾರಿಯಿದೆ.

ಬೊಂಬೆ ಬೆಚ್ಚುವುದಿಲ್ಲ, ಕೆಮ್ಮುವುದಿಲ್ಲ, ‘ಡಾಕ್ಟ್ರೇ, ನೋಯುತ್ತಾ?’ ಎಂದು ಕೈ ಹಿಡಿಯುವುದೂ ಇಲ್ಲ. ಹಾಗಾಗಿ ಹಿರಿಯರ ಕಣ್ಗಾವಲು ತಪ್ಪದು. ಪ್ರತಿ ಕಾಲೇಜೂ ಒಂದೊಂದು ಕೊಳ್ಳಬೇಕೆಂದೂ ಇಲ್ಲ. ನಾಲ್ಕೈದು ಕಾಲೇಜು ಸೇರಿ ಒಂದನ್ನು ಸರದಿಯಲ್ಲಿ ಬಳಸಿದರೂ ಆದೀತು. ಪಿಜಿ ವಿದ್ಯಾರ್ಥಿಗಳು ಹೇಗೂ ಲಾಗ್‌ಬುಕ್ ಬರೆಯುತ್ತಾರೆ. ಕಣ್ಣಿನ ಇಂಜೆಕ್ಷನ್ನಿನ ಪುಟದಲ್ಲಿ ರೋಗಿಯ ಹೆಸರು ಬರುವ ಮೊದಲು ಬೊಂಬೆಯ ಲೆಕ್ಕ, ಪಕ್ಕದಲ್ಲಿ ಮೇಷ್ಟರ ಸಹಿ ಇರಲಿ.